ಆಯಿ ಕೂಡಿಸಿಕೊಂಡ ಏಳು ವರ್ಷ

ಮೊನ್ನೆ ಬೆಟಗೇರಿಯ ನೇಕಾರರ ಓಣಿಯ ಒಂದು ಅಂಗಡಿಯಲ್ಲಿ ಕುಳಿತಿದ್ದೆ. ಮಹಾನವಮಿಗೆ ನಾಲ್ಕು ದಿನ ಉಳಿದಿತ್ತು. ಅಂಗಡಿಯವನು ಒಂದು ಸೀರೆಯ ಮಡಿಕೆ ಬಿಚ್ಚಿ ಗಾದಿಯ ಮೇಲೆ ಹರಡಿದ. ಹೊಸ ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿಯಿತು.

"ಯಾರಿಗೆ ಉಡಸ್ತೀರಿ ಸರ? ವಯಸ್ಸೆಷ್ಟು ಹೇಳ್ರಿ, ಅದರ ಮ್ಯಾಲ ಬಣ್ಣ ತಗೀತೇನಿ" ಎಂದ.

ಸೀರೆ ಮಾರುವವರೆಲ್ಲ ಕೇಳುವ ಪ್ರಶ್ನೆಯೇ. ಆದರೆ ವಯಸ್ಸಿನ ಪ್ರಶ್ನೆ ನನಗೆ ಸುಲಭದ್ದಲ್ಲ. ಇಪ್ಪತ್ತಾರು ವರ್ಷದಿಂದ ಹೈಸ್ಕೂಲಿನ ಗುಮಾಸ್ತನಾಗಿ ಮಂದಿಯ ವಯಸ್ಸು ಬರೆಯುವುದೇ ನನ್ನ ಕೆಲಸ. ಬರೆದದ್ದನ್ನು ತಿದ್ದಿಕೊಡಿ ಎಂದು ಬಂದವರನ್ನು ಕನ್ನಡಕದ ಮೇಲಿನಿಂದ ನೋಡುವುದೂ ನನ್ನ ಕೆಲಸ. ನಮ್ಮ ಶಾಲೆಯ ದಾಖಲಾತಿ ಪುಸ್ತಕವನ್ನು ನಂಬುವುದಾದರೆ ಈ ಸೀಮೆಯ ಅರ್ಧಕ್ಕರ್ಧ ಜನ ಜೂನ್ ಒಂದನೇ ತಾರೀಕಿನಂದೇ ಹುಟ್ಟಿದ್ದಾರೆ. ಆ ದಿನ ಇಲ್ಲಿನ ಸೂಲಗಿತ್ತಿಯರಿಗೆ ಉಣ್ಣಲಿಕ್ಕೂ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ. ಹೀಗಾಗಿ ಯಾರ ವಯಸ್ಸನ್ನೂ ನಾನು ಸುಲಭಕ್ಕೆ ನಂಬುವುದಿಲ್ಲ. ವಯಸ್ಸೊಂದೇ ಏನು, ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಹತ್ತು ಹೆಜ್ಜೆ ಹೋಗಿ, ಮತ್ತೆ ತಿರುಗಿ ಬಂದು ಜಗ್ಗಿ ನೋಡುವವನು ನಾನು. ನನ್ನ ಹೆಂಡತಿ ಈಗೀಗ ಆ ಹತ್ತು ಹೆಜ್ಜೆಯಾಚೆ ನಿಂತು ಕಾಯುವುದನ್ನು ಕಲಿತಿದ್ದಾಳೆ.

ಗಂಜಿಯ ಆ ವಾಸನೆಯೊಂದಿಗೆ ನಮ್ಮ ಆಯಿಗೆ ನೂರು ತುಂಬಿದ ಚಳಿಗಾಲ ನೆನಪಾಯಿತು. ತುಂಬಿದ ಎಂದರೆ, ನಾವು ತುಂಬಿಸಿದ.

ಆಯಿ ಎಂದರೆ ನಮ್ಮಪ್ಪನ ತಾಯಿ, ನೀಲವ್ವ. ಬೆಳ್ಳಟ್ಟಿಯಲ್ಲಿ ನಮ್ಮ ದೊಡ್ಡಪ್ಪ ಶಿವಪ್ಪನ ಜೊತೆ ಇದ್ದಳು. ದೊಡ್ಡಪ್ಪ ಹಿರಿಯ ಮಗ, ನಮ್ಮಪ್ಪ ಎರಡನೆಯವನು, ಕಾಕಾ ಮೂರನೆಯವನು. ಆ ವರ್ಷದ ಹೊತ್ತಿಗೆ ಅಪ್ಪನೂ ಕಾಕಾನೂ ತೀರಿಕೊಂಡಾಗಿತ್ತು. ಸೀಗಿ ಹುಣ್ಣಿಮೆ ಮುಗಿದ ಮೇಲೆ ಒಂದು ದಿನ ಕಾಕಾನ ಮಗ ಬಸು ಫೋನು ಮಾಡಿದ. ಲಕ್ಷ್ಮೇಶ್ವರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಯಾವುದನ್ನೇ ಆಗಲಿ ಬಿತ್ತಿದ ಮರುದಿನವೇ ಬೆಳೆಯಬೇಕು ಎನ್ನುವ ಸ್ವಭಾವ.

"ಅಣ್ಣಾ, ಆಯಿಗೆ ಈ ವರ್ಷ ನೂರು ಆಗತೈತಿ. ಎಳ್ಳ ಅಮಾಸಿ ಆದಮ್ಯಾಲ ದೊಡ್ಡ ಕಾರ್ಯಕ್ರಮ ಮಾಡೂಣು. ದೊಡ್ಡಪ್ಪ ಪಾದಪೂಜಿ ಮಾಡ್ತಾನ. ಇಡೀ ಊರ ಕರಿಯೂದು."

"ನೂರು ಅಂತ ಯಾರ್ ಹೇಳಿದ್ರು?"

"ಓಟಿನ ಕಾರ್ಡಿನ್ಯಾಗ ಐತಲ್ಲ."

"ಕಾರ್ಡಿನ್ಯಾಗ ನಿನ್ನ ಹೆಸರು ಬಸವ್ವ ಅಂತ ಐತಿ. ಸೀರಿ ಉಡ್ತಿಯೇನು?"

"ನಿನ್ನ ಹಂತೇಕ ಒಳ್ಳೇ ಸುದ್ದಿ ಹೇಳೂದ ತಪ್ಪು ನೋಡು" ಎಂದು ಫೋನು ಇಟ್ಟ. ಎರಡು ದಿನದಲ್ಲಿ ಆಮಂತ್ರಣ ಪತ್ರಿಕೆಯ ನಮೂನೆ ಬಂತು. ಅದರಲ್ಲಿ ಆಯಿಯ ಮುಖ ನಿಂಬೆಕಾಯಿಯಷ್ಟು, ಬಸುವಿನ ಅಂಗಡಿಯ ಹೆಸರು ಕುಂಬಳಕಾಯಿಯಷ್ಟು. ನನ್ನ ಸಂಶಯಕ್ಕೆ ಅಲ್ಲಿಂದ ನೀರು ಬಿದ್ದಂತಾಯಿತು.

ನನಗಿದ್ದ ಹೆದರಿಕೆ ಒಂದೇ. ತುಂಬಿದ ಪೆಂಡಾಲಿನಲ್ಲಿ ಯಾರಾದರೂ ಎದ್ದು ನಿಂತು, "ಆಕಿಗೆ ನೂರು ಎಲ್ಲಿ ಆಗೈತಿ, ನಮ್ಮವ್ವನ ವಾರಿಗಿ ಆಕಿ" ಎಂದುಬಿಟ್ಟರೆ? ಮಾನ ಹೋಗುವುದು ಬಸುವಿನದಲ್ಲ, ವಯಸ್ಸಿನ ಪುಸ್ತಕ ಇಟ್ಟುಕೊಂಡು ಕೂತ ನನ್ನದು. ಪ್ರತಿ ಭಾನುವಾರ ಬೆಳ್ಳಟ್ಟಿಗೆ ಹೋಗಿ ಆಯಿಯನ್ನು ಕಳ್ಳನನ್ನು ನೋಡಿದಂತೆ ನೋಡತೊಡಗಿದೆ. ನೋಡಿದಷ್ಟೂ ಅನುಮಾನ ಹೆಚ್ಚಿತು. ನೂರು ವರ್ಷದವಳು ಎನ್ನಿಸಿಕೊಂಡವಳು ಕಟಕಟಿ ರೊಟ್ಟಿಯನ್ನು ಸ್ವಂತ ಮುಂಬಲ್ಲಿನಿಂದ ಮುರಿಯುತ್ತಿದ್ದಳು. ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತು ಕೌದಿ ಹೊಲಿಯುವಾಗ ಸೂಜಿಗೆ ದಾರ ತಾನೇ ಪೋಣಿಸುತ್ತಿದ್ದಳು. ನನಗೆ ಐವತ್ತೆರಡಕ್ಕೇ ಎರಡು ಕನ್ನಡಕ, ಒಂದು ದೂರಕ್ಕೆ, ಒಂದು ಹತ್ತಿರಕ್ಕೆ. ನನ್ನ ಸೂಜಿಗೂ ಅವಳೇ ಪೋಣಿಸಿಕೊಟ್ಟಿದ್ದಾಳೆ.

ಇನ್ನೊಂದು ಹಳೆಯ ಗುಮಾನಿಯೂ ಆಗ ಎದ್ದು ಕುಳಿತಿತು. ಆಯಿ ಎಲ್ಲಕ್ಕಿಂತ ಹೆಚ್ಚು ಪ್ರೀತಿ ಮಾಡುತ್ತಿದ್ದದ್ದು ದೊಡ್ಡಪ್ಪನನ್ನು. ಹಂಚಿನಿಂದ ಇಳಿದ ಮೊದಲ ರೊಟ್ಟಿ ಅವನಿಗೇ. ಹೊಲದಿಂದ ಮೂವರೂ ಮಕ್ಕಳು ಒಟ್ಟಿಗೆ ಬಂದರೂ ಕಾಲಿಗೆ ನೀರಿನ ತಂಬಿಗೆ ಮೊದಲು ಅವನಿಗೇ. ನಮ್ಮಪ್ಪ ಸಾಯುವವರೆಗೂ ಆಡಿಕೊಂಡು ನಗುತ್ತಿದ್ದ: "ಶಿವಣ್ಣ ಒಬ್ಬ ಹೊಟ್ಟ್ಯಾಗ ಹುಟ್ಟಿದಾಂವ. ನಾ ಏನ್ ಬಣವ್ಯಾಗ ಸಿಕ್ಕಾಂವೇನು?"

ಮತ್ತೆ ಆ ಬೆಳ್ಳಿಯ ಬಿಲ್ಲೆ. ಹೆಬ್ಬೆರಳ ಉಗುರಿನಷ್ಟು ಅಗಲ, ಅದರ ಮೇಲೆ ಸವೆದುಹೋದ ಒಂದು ಹೆಣ್ಣಿನ ಆಕಾರ. ಅಜ್ಜ ಇರುವತನಕ ಆಯಿಯ ಕೊರಳಲ್ಲಿ ತಾಳಿಯ ಜೊತೆಗಿತ್ತಂತೆ. ಅಜ್ಜ ಹೋದ ಮೇಲೆ ದೇವರ ಜಗುಲಿಗೆ ಬಂದಿತ್ತು. ಬೆಟಗೇರಿಯಿಂದ ಯಾವುದೇ ಹೊಸ ಸೀರೆ ಬರಲಿ, ಒಂದು ಕುಪ್ಪಸದ ಕಣವೇ ಬರಲಿ, ಆಯಿ ಅದನ್ನು ಮೊದಲು ಆ ಬಿಲ್ಲೆಯ ಮುಂದಿಡುತ್ತಿದ್ದಳು. ಜಗುಲಿಯ ಕೋಣೆಯೆಲ್ಲ ಗಂಜಿಯ ವಾಸನೆ. ಎಲೆ-ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಾದು, ಆಮೇಲೆ ತಾನು ಉಡುತ್ತಿದ್ದಳು. ನಾವು ಕೇಳಿದರೆ, "ಹಿರ್ಯಾರದು ಅದು. ಮುಟ್ಟಬ್ಯಾಡ್ರಿ" ಎಂದಷ್ಟೇ. ಯಾವುದೋ ಮನೆದೇವತೆ ಎಂದುಕೊಂಡು ನಾವು ಪರೀಕ್ಷೆಯ ಮುಂಜಾನೆ ಅದಕ್ಕೂ ಒಂದು ಕೈ ಮುಗಿದು ಹೋಗುತ್ತಿದ್ದೆವು.

ಜೋಳ ತೆನೆ ಹಾಯುವ ಹೊತ್ತಿಗೆ ನಾನು ಅಡರಕಟ್ಟಿಗೆ ಹೋದೆ. ಅದು ಆಯಿಯ ತವರು. ಅಲ್ಲಿ ಅವಳ ತಮ್ಮ ಫಕೀರಪ್ಪಜ್ಜ ಇದ್ದರು, ನಿವೃತ್ತ ಮಾಸ್ತರು, ತೊಂಬತ್ತೊಂದು ವರ್ಷ. ಅವರ ಹುಟ್ಟಿದ ದಿನವೂ ಜೂನ್ ಒಂದೇ, ಆದರೆ ವರ್ಷ ನಂಬಬಹುದಾಗಿತ್ತು. ಪಡಸಾಲೆಯಲ್ಲಿ ಶಾಲು ಹೊದ್ದು ಅಡಿಕೆ ಕತ್ತರಿಸುತ್ತ ಕೂತಿದ್ದರು. ಆ ಮಾತು ಈ ಮಾತು ಆಡಿ, ಕೊನೆಗೆ ಕೇಳಿದೆ.

"ಅಜ್ಜಾ, ಆಯಿಗಿಂತ ನೀವು ಎಷ್ಟು ವರ್ಷ ಸಣ್ಣಾವ್ರಿ?"

"ಎರಡು. ಆಕಿ ತೊಟ್ಟಲಾ ಇಳದ್ಲು, ನಾ ಏರಿದೆ."

"ನಿಮಗ ತೊಂಬತ್ತೊಂದು. ಅಂದ್ರ ಆಯಿಗೆ ತೊಂಬತ್ತಮೂರು ಆತಲ್ರಿ."

"ಮಾಸ್ತರಗ ಲೆಕ್ಕಾ ಕಲಸಾಕ ಬಂದೀಯೇನಲೇ?"

"ಅಲ್ರಿ, ದೊಡ್ಡಪ್ಪಗ ಎಂಬತ್ತಮೂರು ಐತ್ರಿ. ಅಂವಾ ಹುಟ್ಟಿದ ವರ್ಷ ಮನಿ ಚೌಕಟ್ಟು ನಿಲ್ಲಿಸ್ಯಾರ, ಚೌಕಟ್ಟಿನ ಮ್ಯಾಲ ಇಸವಿ ಕೆತ್ತ್ಯಾರ. ಹತ್ತು ವರ್ಷದ ಹುಡುಗಿ ಹೆಂಗ..."

ಅಜ್ಜ ಅಡಕೊತ್ತನ್ನು ಕೆಳಗಿಟ್ಟರು.

"ನಿಮ್ಮ ಮನ್ಯಾಗ ಯಾರೂ ಹೇಳಿಲ್ಲೇನು?"

ಈ ಮಾತಿಗಿಂತ ಹೆಚ್ಚು ನಾನು ಹೆದರುವ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ.

"ನಮ್ಮಪ್ಪಗ ಇಬ್ರು ಹೆಣ್ಮಕ್ಕಳು" ಎಂದರು ಅಜ್ಜ. "ದೊಡ್ಡಾಕಿ ನೀಲಕ್ಕ, ಸಣ್ಣಾಕಿ ಚೆನ್ನಕ್ಕ. ನಡುವ ಏಳು ವರ್ಷ. ನೀಲಕ್ಕನ್ನ ಬೆಳ್ಳಟ್ಟಿಗೆ ಕೊಟ್ರು. ಗಂಡು ಕೂಸು ಆತು. ಕೂಸು ಆರ ತಿಂಗಳದ್ದು ಇದ್ದಾಗ ಜ್ವರಾ ಬಂದು ಹ್ವಾದ್ಲು. ಹದಿನೆಂಟು ವರ್ಷ ಆಕಿಗೆ. ಕೂಸು ಯಾರ ನೋಡಬೇಕು? ಎರಡು ವರ್ಷ ದಾರಿ ನೋಡಿ ಚೆನ್ನಕ್ಕನ್ನ ಅದ ಮನಿಗೆ ಕೊಟ್ರು. ಆಕಿಗಿನ್ನೂ ಹದಿಮೂರು."

"ಅಂದ್ರ ನಮ್ಮ ಆಯಿ..."

"ಚೆನ್ನಕ್ಕ. ಮನಿಗೆ ಬಂದ ಸೊಸಿ ಹೆಸರು ಬದಲಿ ಮಾಡೂದು ರೂಢಿ ಇತ್ತಲ್ಲ, ಅತ್ತಿ ಅಂದ್ಲಂತ, ನೀಲವ್ವ ಅಂತ ಕರದು ಬಾಯಿಗೆ ರೂಢಿ ಆಗೇತಿ, ಅದ ಹೆಸರ ಇರಲಿ ಅಂತ. ನನಗ ಆ ಮದವಿ ಕಣ್ಣಿಗೆ ಕಟ್ಟಿದಂಗ ಐತಿ. ಅಕ್ಕಿಕಾಳು ಒಗಿಯೂ ಹೊತ್ತಿಗೆ ಕೂಸು ಅಳಾಕ ಹತ್ತಿತು. ಯಾರ ಎತ್ತಿಕೊಂಡ್ರೂ ನಿಲ್ಲವಲ್ದು. ಕಡೀಕ ತಂದು ಮದುಮಗಳ ತೊಡಿ ಮ್ಯಾಲ ಕುಂಡ್ರಿಸಿದ್ರು. ಅದು ಆಕಿ ಬಾಸಿಂಗ ಹಿಡದು ಜಗ್ಗಿ, ದಾರಾ ಹರದು, ಕಿಲಕಿಲಾ ನಕ್ಕ ಬಿಡ್ತು. ನಿಮ್ಮ ದೊಡ್ಡಪ್ಪ."

ಬೆಳ್ಳಿಯ ಬಿಲ್ಲೆಯ ಬಗ್ಗೆಯೂ ಅವರೇ ಹೇಳಿದರು. ಸತ್ತವಳ ಜಾಗಕ್ಕೆ ಬಂದವಳು ಸತ್ತವಳ ಮೂರ್ತಿಯನ್ನು ಕೊರಳಲ್ಲಿ ಕಟ್ಟಿಕೊಳ್ಳಬೇಕು; ಹೊಸದೇನಿದ್ದರೂ ಮೊದಲು ಅವಳಿಗೆ ತೋರಿಸಿ ಆಮೇಲೆ ತಾನು ತೊಡಬೇಕು. ನಾವು ಪರೀಕ್ಷೆಗೆ ಕೈ ಮುಗಿದು ಹೋಗುತ್ತಿದ್ದದ್ದು ಹದಿನೆಂಟು ವರ್ಷದ ಒಬ್ಬ ಹುಡುಗಿಗೆ.

ಬಸ್ಸಿನಲ್ಲಿ ತಿರುಗಿ ಬರುವಾಗ ಅಪ್ಪನ ಬಣವೆಯ ಮಾತು ನೆನಪಾಗಿ ನಗೆ ಬಂತು. ಬರೆದುಕೊಳ್ಳದಿದ್ದರೆ ಯಾವುದೂ ನನಗೆ ಖಾತ್ರಿಯಾಗುವುದಿಲ್ಲ. ಜೇಬಿನಲ್ಲಿದ್ದ ಚೀಟಿಯ ಮೇಲೆ ಬರೆದೆ: ಆಯಿ ೯೩. ದೊಡ್ಡಪ್ಪ ೮೩. ಅಂತರ ೧೦. ದೊಡ್ಡಪ್ಪನ ತಾಯಿ: ದೊಡ್ಡ ನೀಲವ್ವ. ಕೊನೆಯ ಸಾಲಿನ ಕೆಳಗೆ ಶಾಲೆಯ ಚಟದಂತೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದೆ. ಹತ್ತಿರದ ಕನ್ನಡಕದ ಡಬ್ಬಿಯಲ್ಲಿ ಮಡಚಿಟ್ಟೆ.

ಮುಂದಿನ ಭಾನುವಾರ ನಸುಕಿಗೇ ಬೆಳ್ಳಟ್ಟಿಯಲ್ಲಿದ್ದೆ. ಚಳಿಗೆ ಕೈ ಸೆಟೆದಿದ್ದವು. ದೊಡ್ಡಪ್ಪ ಜೋಳದ ಹೊಲಕ್ಕೆ ಹಕ್ಕಿ ಹೊಡೆಯಲು ಹೋಗಿದ್ದ. ಆಯಿ ಮನೆಯ ಹಿಂದಿನ ಕಡಲೆ ಹೊಲದ ಬದುವಿನಲ್ಲಿ ಕೂತಿದ್ದಳು. ಹಿಂದಿನ ಸಂಜೆ ಕಡಲೆ ಗಿಡಗಳ ಮೇಲೆ ಹಾಸಿದ್ದ ಬಿಳಿ ಬಟ್ಟೆ ರಾತ್ರಿಯ ಮಂಜಿನ ಜೊತೆ ಗಿಡದ ಹುಳಿಯನ್ನೂ ಹೀರಿಕೊಂಡಿತ್ತು. ಅದನ್ನು ಬಟ್ಟಲಿಗೆ ಹಿಂಡುತ್ತಿದ್ದಳು. ಹೊಟ್ಟೆಯ ಯಾವ ರೋಗಕ್ಕಾದರೂ ಅವಳ ಹತ್ತಿರ ಅದೇ ಮದ್ದು.

"ಬಾರೋ ಈರಣ್ಣ. ಮಾರಿ ಯಾಕ ಹಂಗಾಗೇತಿ? ಹೊಟ್ಟಿ ಕೆಟ್ಟೈತೇನು?"

"ಹೊಟ್ಟಿ ಅಲ್ಲ ಆಯಿ. ಅಡರಕಟ್ಟಿಗೆ ಹೋಗಿದ್ದೆ."

ಅವಳ ಕೈ ಒಂದು ಗಳಿಗೆ ನಿಂತಿತು. ಮತ್ತೆ ಹಿಂಡತೊಡಗಿತು.

"ಫಕೀರ್ಯಾ ಬಾಯಿ ಬಿಟ್ನೇನು? ಸಣ್ಣಾಂವ ಇದ್ದಾಗಿಂದ್ಲೂ ಅವನ ಹೊಟ್ಟ್ಯಾಗ ಮಾತು ನಿಲ್ಲೂದಿಲ್ಲ."

"ಮತ್ತ ನೂರು ಅಂತ ಯಾಕ ಹೇಳಿದಿ?"

"ನಾ ನೂರು ಅಂತ ಎಲ್ಲಿ ಹೇಳೇನಿ? ನಾ ಹೇಳಿದ್ದು ಇಪ್ಪತ್ತೊಂಬತ್ತು."

ಅವಳು ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಕುಡಿ ಎಂದು ಸನ್ನೆ ಮಾಡಿ, ಹೇಳಿದಳು.

"ಮಂದೀನ್ನ ಎಣಸಾಕ ಬಂದಿದ್ರು, ಸರ್ಕಾರದವ್ರು. ಮನಿಮನಿಗೆ ಬಂದು ಹೆಸರು, ವಯಸ್ಸು ಬರಕೋತಿದ್ರು. ಶಿವೂ ನನ್ನ ಸೆರಗ ಹಿಡಕೊಂಡು ಬಾಜೂಕ ನಿಂತಿದ್ದ. ಹನ್ನೆರಡು ಅವಗ. ಸಾಲ್ಯಾಗ ಕಳಿಯೂ ಲೆಕ್ಕ ಭಾಳ ಚಲೋ ಮಾಡ್ತಾನ ಅಂತ ಮಾಸ್ತರು ಹೇಳತಿದ್ರು. ನನಗ ಖರೆ ಇಪ್ಪತ್ತೆರಡು. ಅದನ್ನ ಹೇಳಿದ್ರ ಅಲ್ಲೇ ನಿಂತು ಕಳೀತಿದ್ದ ಅಂವಾ. ಇಪ್ಪತ್ತೆರಡರಾಗ ಹನ್ನೆರಡು ಹ್ವಾದ್ರ ಹತ್ತು. ಹತ್ತು ವರ್ಷದಾಕಿ ಹೆಂಗ ಹಡದಿ ಬೇ ನನ್ನ ಅಂತ ಕೇಳಿದ್ರ?"

"ಅದಕ್ಕ?"

"ಅದಕ್ಕ ಅಕ್ಕನ ವಯಸ್ಸು ಹೇಳಿಬಿಟ್ಟೆ. ಹೆಂಗೂ ಹೆಸರು ಆಕೀದ ಇತ್ತು. ಅವತ್ತಿನಿಂದ ಯಾರ ಕೇಳಿದ್ರೂ ಅದಕ್ಕ ಕೂಡಿಸ್ಕೋತ ಬಂದೆ. ಒಮ್ಮೆ ಒಂದು, ಇನ್ನೊಮ್ಮೆ ಒಂದು ಹೇಳಿದ್ರ ನಿನ್ನಂಥಾವ್ರು ಬಿಡತಾರೇನು?"

ಕಡಲೆಯ ಹುಳಿ ನನ್ನ ಕಿವಿಯತನಕ ಏರಿತು. ಮಗನೊಬ್ಬ ಕಳೆಯುವ ಲೆಕ್ಕ ಮಾಡಿಯಾನು ಎಂದು ಹೆದರಿ, ಇಪ್ಪತ್ತೆರಡರ ಹೆಣ್ಣುಮಗಳೊಬ್ಬಳು ನಿಂತ ನಿಲುವಿನಲ್ಲಿ ಏಳು ವರ್ಷ ಮುದುಕಿಯಾಗಿದ್ದಳು. ಎಪ್ಪತ್ತು ವರ್ಷ ಆ ಏಳನ್ನು ಒಮ್ಮೆಯೂ ಕೆಳಗಿಳಿಸದೆ ಹೊತ್ತುಕೊಂಡು ಬಂದಿದ್ದಳು.

"ಈರಣ್ಣ" ಎಂದಳು. ಅವಳ ದನಿ ಆಗ ಮೊದಲ ಸಲ ಮುದುಕಿಯ ದನಿಯಾಗಿತ್ತು. "ಅಂವಗ ಹೇಳಬ್ಯಾಡೋ. ಎಂಬತ್ತಮೂರನೇ ವರ್ಷದಾಗ ನನ್ನ ಮಗನ್ನ ತಬ್ಬಲಿ ಮಾಡಬ್ಯಾಡ."

ನಾನು ಅವಳ ಕೈ ಮುಟ್ಟಿ ಹೇಳುವುದಿಲ್ಲ ಎಂದೆ. ನಾನೇನೋ ಹೇಳಲಿಲ್ಲ. ಆದರೆ ಚೀಟಿ ಹರಿದು ಹಾಕಬೇಕಿತ್ತು. ಜಗತ್ತಿನ ಎಲ್ಲ ಬೀಗಗಳನ್ನೂ ಜಗ್ಗಿ ನೋಡುವವನು ಆ ಒಂದನ್ನು ಮರೆತೆ.

ಕಾರ್ಯಕ್ರಮದ ಹಿಂದಿನ ಮಧ್ಯಾಹ್ನ ಬೆಳ್ಳಟ್ಟಿಯ ಮನೆ ತುಂಬಿತ್ತು. ಮುಂಡರಗಿಯ ಕಡೆಯ ಬೀಗರೂ ಬಂದಿಳಿದಿದ್ದರು. ಅಂಗಳದಲ್ಲಿ ಪೆಂಡಾಲು ಏಳುತ್ತಿತ್ತು. ಬಸು ಮೈಕಿನವನ ಜೊತೆ ಜಗಳಾಡುತ್ತಿದ್ದ. ನಾನು ಬೆಟಗೇರಿಯಿಂದ ತಂದ ಹೊಸ ಸೀರೆಯನ್ನು ದೊಡ್ಡಪ್ಪನ ಕೈಗೆ ಕೊಡಲು ಪಡಸಾಲೆಗೆ ಹೋದೆ. ದೊಡ್ಡಪ್ಪ ಗೋಡೆಗೆ ಆತು ಕೂತು ಆಮಂತ್ರಣ ಪತ್ರಿಕೆ ಓದುತ್ತಿದ್ದ. ಕಣ್ಣಿಗೆ ನನ್ನ ಕನ್ನಡಕ.

"ನನ್ನ ಚಾಳೀಸು ಒಡದೈತಿ. ನಿನ್ನ ಚೀಲದಾಗಿನ ಡಬ್ಬಿ ತಗದು ಇದನ್ನ ಹಾಕ್ಕೊಂಡೇನಿ. ನನಗ ಬರೋಬರಿ ಆಗೇತಿ ನೋಡು" ಎಂದ.

ಡಬ್ಬಿ ಅವನ ಮಗ್ಗುಲಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಳಗೆ ಏನೂ ಇರಲಿಲ್ಲ.

ಚೀಟಿ ಕೆಳಗೆ ಬಿದ್ದಿರಬಹುದೆಂದು ಚಾಪೆ ಎತ್ತಿದೆ, ಚೀಲ ಝಾಡಿಸಿದೆ, ಹಂಡೆಯ ಒಲೆಯ ಬೂದಿಯನ್ನೂ ಕೆದಕಿದೆ. "ಏನ ಕಳಕೊಂಡೀಯೋ?" ಎಂದು ಆಯಿ ಕೇಳಿದಳು. "ಏನಿಲ್ಲ" ಎಂದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ದೊಡ್ಡಪ್ಪನ ಕಡೆ ನೋಡಿದಳು. ಅವನು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಿದ್ದ, ಸಾವಕಾಶವಾಗಿ. ಅವನ ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಮುಖವನ್ನು ನಾನು ಎಂದೂ ನಂಬಿದವನಲ್ಲ.

ಮರುದಿನ ಮುಂಜಾನೆ ಜನ ಸೇರತೊಡಗಿದರು. ಜಗುಲಿಯ ಕೋಣೆಯಲ್ಲಿ ಆಯಿ ಎರೆದುಕೊಂಡು, ಹಳೆಯ ಸೀರೆಯಲ್ಲೇ ಮಣೆಯ ಮೇಲೆ ಕೂತಿದ್ದಳು. ದೊಡ್ಡಪ್ಪ ಹೊಸ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಬಂದ. ರೂಢಿಯಂತೆ ಅವನು ಅದನ್ನು ಆಯಿಗೆ ಕೊಡಬೇಕು, ಆಯಿ ಬಿಲ್ಲೆಯ ಮುಂದೆ ಇಡಬೇಕು. ನಾನು ಬಾಗಿಲಲ್ಲಿ ನಿಂತಿದ್ದೆ. ಆಯಿ ಕೈ ಚಾಚಿದಳು.

ದೊಡ್ಡಪ್ಪ ಅವಳನ್ನು ದಾಟಿ ಹೋದ. ಜಗುಲಿಯ ಮುಂದೆ ಮೊಣಕಾಲೂರಿ, ಸೀರೆಯನ್ನು ತಾನೇ ಆ ಬೆಳ್ಳಿಯ ಬಿಲ್ಲೆಯ ಮುಂದಿಟ್ಟ. ಅವನಿಗೆ ಕೂರಲೂ ಕಷ್ಟ, ಏಳಲೂ ಕಷ್ಟ, ಕೂತೇ ಉಳಿದ.

"ಆಕಿಗೆ ಮೊದಲ ತೋರಸಬೇಕಲ್ಲ ಬೇ" ಎಂದ, ತಿರುಗಿ ನೋಡದೆ.

ಆಯಿಯ ಚಾಚಿದ ಕೈ ಹಾಗೇ ಇತ್ತು. ಹೊರಗೆ ಬಸು ಮೈಕಿನಲ್ಲಿ "ಹಲೋ, ಹಲೋ" ಎನ್ನುತ್ತಿದ್ದ. ಆಯಿ ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿದಳು. ಆಮೇಲೆ, ಉಪ್ಪು ಕಡಿಮೆ ಆಗಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು:

"ಸೆರಗು ಮ್ಯಾಲ ಮಾಡಿ ಇಡೋ ಶಿವೂ. ಆಕಿ ಸೀರಿ ಬಂದ್ರ ಮೊದಲ ಸೆರಗ ನೋಡತಿದ್ಲು."

ದೊಡ್ಡಪ್ಪ ಸೀರೆಯನ್ನು ಎತ್ತಿ, ತಿರುಗಿಸಿ, ಸೆರಗು ಮೇಲೆ ಮಾಡಿ ಇಟ್ಟ. ಅವನ ಬೆನ್ನು ಅಲ್ಲಾಡುತ್ತಿತ್ತು. ಆಯಿ ಮಣೆಯಿಂದ ಎದ್ದು ಹೋಗಿ, ಆ ಬೋಳುತಲೆಯ ಮೇಲೆ ಕೈಯಿಟ್ಟು ನಿಂತಳು. ನಾನು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದೆ. ಬೀಗವಿದ್ದಿದ್ದರೆ ಹಾಕಿ, ಜಗ್ಗಿಯೂ ನೋಡುತ್ತಿರಲಿಲ್ಲ.

ಪಾದಪೂಜೆ ಆಯಿತು. ಬಸು ಆಯಿಯನ್ನು ಶತಾಯುಷಿ ಎಂದು ಏಳು ಸಲವಾದರೂ ಕರೆದ. ಪೆಂಡಾಲಿನಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲಿ ಕೂತ ನಾಲ್ವರು ಹಳೆಯ ಮುದುಕಿಯರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿ, ಸೆರಗನ್ನು ಬಾಯಿಗೆ ಹಿಡಿದರು. ಆಗ ನನಗೆ ಹೊಳೆಯಿತು: ಊರಿಗೆಲ್ಲ ಗೊತ್ತಿತ್ತು, ನಮ್ಮ ಮನೆಗಷ್ಟೇ ಗೊತ್ತಿರಲಿಲ್ಲ. ಬೆಳ್ಳಟ್ಟಿಯಂಥ ಊರಿನಲ್ಲಿ ಎಂಬತ್ತು ವರ್ಷ ಬಾಳಿದ ದೊಡ್ಡಪ್ಪನಿಗೆ ಗೊತ್ತಿರಲಿಲ್ಲವೇ?

ಪಂಕ್ತಿಗೆ ಎಲೆ ಹಾಕುವಾಗ ಅವನು ನನ್ನ ಕನ್ನಡಕವನ್ನೂ ಮಡಚಿದ ಚೀಟಿಯನ್ನೂ ಕೈಗಿಟ್ಟ.

"ನಿಂದ ಇರಬೇಕು. ಕೆಂಪು ಗೆರಿ ಹೊಡಿಯೂದು ಮತ್ಯಾರಿಗೆ ಬರತೈತಿ?"

"ದೊಡ್ಡಪ್ಪಾ, ಇದನ್ನ ಓದಿದಮ್ಯಾಲ ಗೊತ್ತಾತೋ, ಮೊದಲ ಗೊತ್ತಿತ್ತೋ?"

ಅವನು ನನ್ನ ಹೆಗಲು ಹಿಡಿದು ಪಂಕ್ತಿಯ ಕಡೆಗೆ ನೂಕಿದ. "ನಡಿ, ಉಣ್ಣ ನಡಿ. ಎಣಗಾಯಿ ಆರತಾವು."

ಇಂದಿಗೂ ನನಗೆ ಉತ್ತರ ಸಿಕ್ಕಿಲ್ಲ. ಕಳೆಯುವ ಲೆಕ್ಕದಲ್ಲಿ ಜಾಣನಾಗಿದ್ದ ಹುಡುಗ ಎಂದೋ ಕಳೆದು ನೋಡಿ, ಅವಳಿಗೆ ಗೊತ್ತಾಗಬಾರದೆಂದು ಸುಮ್ಮನಿದ್ದನೇ? ಅವನಿಗೆ ಗೊತ್ತಾಗಬಾರದೆಂದು ಇವಳು, ಇವಳಿಗೆ ಗೊತ್ತಾಗಬಾರದೆಂದು ಅವನು? ನನ್ನ ಸಂಶಯಗಳಲ್ಲಿ ಇದೊಂದು ನನ್ನ ನಿದ್ದೆ ಕೆಡಿಸುವುದಿಲ್ಲ.

ಮರುವರ್ಷ ಮುಂಗಾರಿಗೆ ಮೊದಲು ಆಯಿ ಹೋದಳು. ಫೋಟೋದ ಕೆಳಗೆ ವಯಸ್ಸು ಬರೆಯಲು ನನ್ನನ್ನೇ ಕರೆದರು. ಪೆನ್ನು ಹಿಡಿದು ದೊಡ್ಡಪ್ಪನ ಮುಖ ನೋಡಿದೆ. "ಆಕಿ ಹೇಳಿದ್ದ ಬರಿ" ಎಂದ. ನೂರಾ ಒಂದು ಎಂದು ಬರೆದೆ. ನನ್ನ ಕೈಯಾರೆ, ತಿಳಿದೂ ತಿಳಿದೂ ಬರೆದ ಒಂದೇ ಒಂದು ಸುಳ್ಳು ವಯಸ್ಸು ಅದು.

ಈಗ ದೊಡ್ಡಪ್ಪನಿಗೆ ಎಂಬತ್ತಾರು. ಮಹಾನವಮಿಯಲ್ಲಿ ಹಿರಿಯರ ಮುಂದೆ ಹೊಸ ಅರಿವೆ ಇಡುವುದನ್ನು ತಪ್ಪಿಸಿಲ್ಲ. ಮೊನ್ನೆ ಫೋನು ಮಾಡಿ, "ಎರಡು ಸೀರಿ ತಗೊಂಡ ಬಾ. ಒಬ್ಬಾಕಿಗೆ ತಂದು ಒಬ್ಬಾಕಿಗೆ ಬಿಟ್ರ ಜಗಳಾ ಮಾಡ್ತಾರ" ಎಂದಿದ್ದ. ಅದಕ್ಕೇ ನಾನು ಬೆಟಗೇರಿಯ ಅಂಗಡಿಯಲ್ಲಿ ಕೂತದ್ದು.

"ಸರ, ವಯಸ್ಸು ಹೇಳಲಿಲ್ರಿ" ಎಂದ ಅಂಗಡಿಯವನು.

"ಇಬ್ರಿಗೆ ಬೇಕ್ರಿ. ಅಕ್ಕ-ತಂಗಿ. ಅಕ್ಕಗ ಹದಿನೆಂಟು, ತಂಗಿಗೆ ತೊಂಬತ್ತನಾಲ್ಕು."

ಅವನು ಸೀರೆ ಬಿಚ್ಚುವುದನ್ನು ನಿಲ್ಲಿಸಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತಾರು ವರ್ಷ ನಾನೇ ಹಾಗೆ ನೋಡಿದ್ದೇನೆ.

"ಮೊದಲ ಸೆರಗ ತೋರಸ್ರಿ" ಎಂದೆ.